ದೇಶದ ಹೊಗೆ ಲೆಕ್ಕವನ್ನು ಆಕಾಶದಿಂದ ತಾಳೆ ನೋಡುವುದು ಹೇಗೆ?

ನಮ್ಮ ಸಕಲೇಶಪುರದ ಕಡೆ ಕಾಫಿ ಲೆಕ್ಕ ಎರಡು ಸಲ ಆಗುತ್ತದೆ. ಮೊದಲ ಸಲ ತೋಟದಲ್ಲಿ. ಸಂಜೆ ಹಣ್ಣು ತೂಗಿ ಪುಸ್ತಕದಲ್ಲಿ ಬರೆಯುತ್ತೇವೆ. ಕಣದಲ್ಲಿ ಒಣಗಿಸಿ ಮೂಟೆ ಕಟ್ಟುವಾಗ ಮತ್ತೆ ಎಣಿಸುತ್ತೇವೆ. ಎರಡನೇ ಸಲ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಸಿಪ್ಪೆ ಬಿಡಿಸಿದ ಮೇಲೆ 50 ಕೆಜಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಯಿಂದ ಬೀಜ ಎಷ್ಟು ಕೆಜಿ ಬಂತು ಎಂದು ಅಲ್ಲಿ ಹೇಳುತ್ತಾರೆ. ಇದೇ ಔಟ್‌ಟರ್ನ್. ಒಂದು ವರ್ಷ ಅಪ್ಪ ಹಳೇ ಅಂದಾಜಿನಲ್ಲಿ 27 ಎಂದು ಇಟ್ಟುಕೊಂಡು ಇಡೀ ಬೆಳೆಯ ಲೆಕ್ಕ ಹಾಕಿಬಿಟ್ಟಿದ್ದರು. ಬಂದದ್ದು 25 ಚಿಲ್ಲರೆ. ಯಾರೂ ಮೋಸ ಮಾಡಿರಲಿಲ್ಲ. ನಮ್ಮ ತೂಕವೂ ಸರಿಯಾಗಿಯೇ ಇತ್ತು. ಆ ವರ್ಷ ಮಳೆ ಕೈಕೊಟ್ಟು ಜೊಳ್ಳು ಜಾಸ್ತಿಯಾಗಿತ್ತು. ಗುಣಿಸಿದ ಸಂಖ್ಯೆ ಮಾತ್ರ ಹಳೆಯದಾಗಿತ್ತು.

ದೇಶಗಳು ತಮ್ಮ ಇಂಗಾಲದ ಡೈಆಕ್ಸೈಡ್ ಲೆಕ್ಕ ಒಪ್ಪಿಸುವ ರೀತಿಯನ್ನು ಓದಿದಾಗೆಲ್ಲ ನನಗೆ ಈ ಔಟ್‌ಟರ್ನ್ ನೆನಪಾಗುತ್ತದೆ. ಅಲ್ಲಿಯೂ ಯಾರೂ ಹೊಗೆಯನ್ನು ಹಿಡಿದು ತೂಗುವುದಿಲ್ಲ. ವರ್ಷದಲ್ಲಿ ಎಷ್ಟು ಕಲ್ಲಿದ್ದಲು ಸುಟ್ಟೆವು, ಎಷ್ಟು ಡೀಸೆಲ್ ಮಾರಾಟವಾಯಿತು, ಎಷ್ಟು ಸಿಮೆಂಟ್ ತಯಾರಾಯಿತು ಎಂಬುದನ್ನು ಪುಸ್ತಕಗಳಿಂದ ತೆಗೆಯುತ್ತಾರೆ. ಒಂದು ಟನ್ ಸುಟ್ಟರೆ ಎಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂಬ ಸಂಖ್ಯೆಯಿಂದ ಅದನ್ನು ಗುಣಿಸುತ್ತಾರೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ತಯಾರಿಸಿದರೆ ಸುಮಾರು ಒಂದು ಕೆಜಿ. ಒಂದು ಲೀಟರ್ ಡೀಸೆಲ್ ಒಂದು ಕೆಜಿಯೂ ತೂಗುವುದಿಲ್ಲ, ಅದರಿಂದ 2.7 ಕೆಜಿ ಹೇಗೆ ಬಂತು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ ಅದು. ಉರಿಯುವಾಗ ಗಾಳಿಯ ಆಮ್ಲಜನಕ ಬಂದು ಇಂಗಾಲಕ್ಕೆ ಅಂಟಿಕೊಳ್ಳುತ್ತದೆ. ಹೆಚ್ಚಿನ ತೂಕ ಅದರದು.

ಹೀಗೆ ಲೆಕ್ಕ ಹಾಕುವುದಕ್ಕೆ ಐಪಿಸಿಸಿ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ಸಮಿತಿ 2006ರಲ್ಲಿ ವಿವರವಾದ ಕ್ರಮವನ್ನೇ ಬರೆದುಕೊಟ್ಟಿದೆ. 1992ರ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಈ ಲೆಕ್ಕವನ್ನು ವಿಶ್ವಸಂಸ್ಥೆಗೆ ಒಪ್ಪಿಸಬೇಕು. 2015ರ ಪ್ಯಾರಿಸ್ ಒಪ್ಪಂದ ಬಂದ ಮೇಲೆ ಇದರ ತೂಕ ಇನ್ನೂ ಹೆಚ್ಚಾಗಿದೆ. ಆ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ಎಷ್ಟು ಮುಟ್ಟಿದೆ ಎಂದು ತಾನೇ ವರದಿ ಕೊಡುತ್ತದೆ. ತಪ್ಪಿದರೆ ದಂಡವಿಲ್ಲ. ಐದು ವರ್ಷಕ್ಕೊಮ್ಮೆ ಎಲ್ಲರ ಲೆಕ್ಕವನ್ನೂ ಒಟ್ಟಿಗಿಟ್ಟು ನೋಡುತ್ತಾರೆ. ಅದು ಮೊದಲ ಸಲ ಮುಗಿದದ್ದು 2023ರಲ್ಲಿ, ದುಬೈಯಲ್ಲಿ. ಹಾಗಾಗಿ ಎಲ್ಲವೂ ನಿಂತಿರುವುದು ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಂಬುತ್ತಾರೋ ಇಲ್ಲವೋ ಎಂಬುದರ ಮೇಲೆ.

ಭಾರತ ಎರಡು ವರ್ಷಕ್ಕೊಮ್ಮೆ ಕೊಡುವ ವರದಿಗಳಲ್ಲಿ ನಾಲ್ಕನೆಯದನ್ನು 2024ರ ಡಿಸೆಂಬರ್‌ನಲ್ಲಿ ಸಲ್ಲಿಸಿತು. ಅದರ ಪ್ರಕಾರ 2020ರಲ್ಲಿ ನಾವು ಬಿಟ್ಟ ಎಲ್ಲ ಹಸಿರುಮನೆ ಅನಿಲಗಳನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮ ಮಾಡಿ ಕೂಡಿದರೆ 295.9 ಕೋಟಿ ಟನ್. ಕಾಡು ಮತ್ತು ಭೂಮಿ ಹೀರಿಕೊಂಡದ್ದು ಸುಮಾರು 52 ಕೋಟಿ ಟನ್. ವರ್ಷಗಳನ್ನು ಗಮನಿಸಿ. 2020ರ ಲೆಕ್ಕ ಕೈಗೆ ಸಿಕ್ಕಿದ್ದು 2024ರ ಕೊನೆಯಲ್ಲಿ. ಇದು ನಮ್ಮೊಬ್ಬರ ತಡವಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಅಂಕಿ ಸಾಗಿಸಿ ಕೂಡುವ ಕೆಲಸ ಎಲ್ಲಿಯೂ ನಿಧಾನವೇ.

ತಪ್ಪು ಎಲ್ಲಿ ನುಸುಳುತ್ತದೆ? ಚೀನಾದ ಉದಾಹರಣೆ ಎಲ್ಲರಿಗೂ ಪಾಠ. 2010ನೇ ಇಸವಿಗೆ ಅಲ್ಲಿನ ಪ್ರಾಂತ್ಯಗಳ ಅಂಕಿಗಳನ್ನು ಕೂಡಿ ಲೆಕ್ಕ ಹಾಕಿದರೆ ಬರುವ ಮೊತ್ತಕ್ಕೂ ರಾಷ್ಟ್ರಮಟ್ಟದ ಅಂಕಿಯಿಂದ ಬರುವ ಮೊತ್ತಕ್ಕೂ 140 ಕೋಟಿ ಟನ್ ವ್ಯತ್ಯಾಸವಿದೆ ಎಂದು 2012ರ ಒಂದು ಅಧ್ಯಯನ ತೋರಿಸಿತು. 2015ರಲ್ಲಿ ಚೀನಾ ತನ್ನ ಹಿಂದಿನ ವರ್ಷಗಳ ಕಲ್ಲಿದ್ದಲು ಬಳಕೆಯ ಅಂಕಿಯನ್ನು ಮೇಲಕ್ಕೆ ತಿದ್ದಿತು. ಅದೇ ವರ್ಷ ಇನ್ನೊಂದು ಅಧ್ಯಯನ ಬಂತು. ಚೀನಾದ ಕಲ್ಲಿದ್ದಲಿನಲ್ಲಿ ಇಂಗಾಲ ಎಲ್ಲರೂ ಅಂದುಕೊಂಡಷ್ಟು ಇಲ್ಲ, ಹಾಗಾಗಿ ಗುಣಿಸುವ ಸಂಖ್ಯೆಯನ್ನೇ ಇಳಿಸಬೇಕು ಎಂದಿತು. ಒಂದು ತಿದ್ದುಪಡಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ನಮ್ಮ ಮನೆಯ ಔಟ್‌ಟರ್ನ್ ಕಥೆಯೇ, ಆದರೆ ಕೋಟಿ ಟನ್‌ಗಳಲ್ಲಿ.

ಇನ್ನೊಂದು ಬಗೆಯ ವ್ಯತ್ಯಾಸ ತಪ್ಪೇ ಅಲ್ಲ, ನಿಯಮ. ವಾಹನಗಳ ಹೊಗೆಯನ್ನು ಇಂಧನ ಮಾರಾಟವಾದ ದೇಶದ ಖಾತೆಗೆ ಬರೆಯುತ್ತಾರೆ. ಹಾಸನದಲ್ಲಿ ಟ್ಯಾಂಕ್ ತುಂಬಿಸಿದ ಲಾರಿ ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ಹೊಗೆ ಬಿಡುತ್ತದೆ ಅಲ್ವಾ? ಜಿಲ್ಲೆಯ ಬದಲು ದೇಶ ಎಂದುಕೊಳ್ಳಿ. ಯುರೋಪಿನ ಪುಟ್ಟ ಲಕ್ಸೆಂಬರ್ಗ್‌ನಲ್ಲಿ ಇಂಧನ ಅಗ್ಗ. ಅಕ್ಕಪಕ್ಕದ ದೇಶಗಳ ವಾಹನಗಳು ಅಲ್ಲಿ ತುಂಬಿಸಿಕೊಂಡು ಹೋಗುತ್ತವೆ. ಪುಸ್ತಕದಲ್ಲಿ ಹೊಗೆ ಲಕ್ಸೆಂಬರ್ಗ್‌ನದು, ಗಾಳಿಯಲ್ಲಿ ನೆರೆಯವರದು. ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಹೊಗೆಯಂತೂ ಯಾವ ದೇಶದ ಒಟ್ಟು ಮೊತ್ತಕ್ಕೂ ಸೇರುವುದಿಲ್ಲ.

ಪುಸ್ತಕ ಬಿಟ್ಟು ಗಾಳಿಯನ್ನೇ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಗಟ್ಟಿ ಉದಾಹರಣೆ ಇದೆ. ಸಿಎಫ್‌ಸಿ-11 ಎಂಬ ಅನಿಲ ಓಝೋನ್ ಪದರವನ್ನು ಹಾಳು ಮಾಡುತ್ತದೆ. ಮಾಂಟ್ರಿಯಲ್ ಒಪ್ಪಂದದಡಿ 2010ರ ಹೊತ್ತಿಗೆ ಅದರ ತಯಾರಿಕೆ ಪೂರ್ತಿ ನಿಲ್ಲಬೇಕಿತ್ತು. ದೇಶಗಳ ವರದಿಯಲ್ಲಿ ನಿಂತೇ ಇತ್ತು. ಆದರೆ 2018ರಲ್ಲಿ ಅಮೆರಿಕದ ವಿಜ್ಞಾನಿ ಸ್ಟೀಫನ್ ಮಾಂಟ್ಸ್ಕಾ ಮತ್ತು ಸಂಗಡಿಗರು ಗಾಳಿಯಲ್ಲಿ ಅದು ಇಳಿಯಬೇಕಾದಷ್ಟು ಬೇಗ ಇಳಿಯುತ್ತಿಲ್ಲ, ಎಲ್ಲಿಂದಲೋ ಹೊಸದಾಗಿ ಬರುತ್ತಿದೆ ಎಂದು ಹೇಳಿದರು. ಮರುವರ್ಷ ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿರುವ ಅಳತೆ ಕೇಂದ್ರಗಳ ಅಂಕಿಗಳಿಂದ ಅದರ ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿದೆ ಎಂದು ಗೊತ್ತಾಯಿತು. ಆಮೇಲೆ ಅದು ಮತ್ತೆ ಇಳಿಯಿತು. ಯಾರೂ ಕಾರ್ಖಾನೆಯೊಳಗೆ ಹೋಗಿ ಹುಡುಕಿರಲಿಲ್ಲ. ಗಾಳಿಯೇ ಹೇಳಿತ್ತು.

ಇಂಗಾಲದ ಡೈಆಕ್ಸೈಡ್‌ನಲ್ಲಿ ಇಷ್ಟು ಸಲೀಸಾಗಿ ಆಗುವುದಿಲ್ಲ. ಸಿಎಫ್‌ಸಿ-11 ಅನ್ನು ಮರ ಉಸಿರಾಡುವುದಿಲ್ಲ, ಮಣ್ಣು ಬಿಡುವುದಿಲ್ಲ, ಸಮುದ್ರ ಉಗುಳುವುದಿಲ್ಲ. ಗಾಳಿಯಲ್ಲಿ ಸಿಕ್ಕಿತೆಂದರೆ ಮನುಷ್ಯರೇ ಬಿಟ್ಟದ್ದು. ಇಂಗಾಲದ ಡೈಆಕ್ಸೈಡ್ ಎಲ್ಲರದ್ದೂ. ಈ ಗೊಂದಲಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಷ್ಟು ಎತ್ತರದಿಂದ ಬಣ್ಣವಿಲ್ಲದ ಅನಿಲವನ್ನು ಉಪಗ್ರಹ ಹೇಗೆ ಅಳೆಯುತ್ತದೆ ಎಂಬುದನ್ನು ನೋಡೋಣ.

ಗಾಜಿನ ಲೋಟದಲ್ಲಿ ಡಿಕಾಕ್ಷನ್ ಹಾಕಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ತೆಳುವಾಗಿದ್ದರೆ ಬೆಳಕು ದಾಟಿ ಬರುತ್ತದೆ. ಗಟ್ಟಿಯಾಗಿದ್ದರೆ ಕಪ್ಪಾಗುತ್ತದೆ. ಎಷ್ಟು ಬೆಳಕು ನುಂಗಿಹೋಯಿತು ಎಂಬುದರಿಂದ ಎಷ್ಟು ಗಟ್ಟಿ ಎಂದು ಹೇಳಬಹುದು. ಉಪಗ್ರಹ ಮಾಡುವುದೂ ಇದನ್ನೇ. ಸೂರ್ಯನ ಬೆಳಕು ಗಾಳಿಯನ್ನು ದಾಟಿ ನೆಲಕ್ಕೆ ಬಂದು, ನೆಲದಿಂದ ಚಿಮ್ಮಿ, ಮತ್ತೆ ಗಾಳಿಯನ್ನು ದಾಟಿ ಮೇಲೆ ಹೋಗುತ್ತದೆ. ದಾರಿಯಲ್ಲಿ ಇಂಗಾಲದ ಡೈಆಕ್ಸೈಡ್ ಅಣುಗಳು ಕೆಲವು ಖಚಿತ ಬಣ್ಣಗಳನ್ನು ಮಾತ್ರ ನುಂಗುತ್ತವೆ. ಅವು ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬಣ್ಣಗಳು. 1.61 ಮತ್ತು 2.06 ಮೈಕ್ರೋಮೀಟರ್ ತರಂಗಗಳ ಆಸುಪಾಸಿನವು. ಉಪಗ್ರಹದೊಳಗಿನ ಸ್ಪೆಕ್ಟ್ರೋಮೀಟರ್ ಬೆಳಕನ್ನು ಸಣ್ಣ ಸಣ್ಣ ಎಳೆಗಳಾಗಿ ಬಿಡಿಸಿ, ಯಾವ ಎಳೆ ಎಷ್ಟು ಮಂಕಾಗಿದೆ ಎಂದು ನೋಡುತ್ತದೆ.

ಇಲ್ಲೊಂದು ಚಂದದ ಉಪಾಯವಿದೆ. ಬೆಳಕು ಎಷ್ಟು ಗಾಳಿಯನ್ನು ದಾಟಿ ಬಂತು ಎಂದು ಗೊತ್ತಿಲ್ಲದಿದ್ದರೆ ಮಂಕಾದದ್ದರ ಅರ್ಥ ಗೊತ್ತಾಗುವುದಿಲ್ಲ. ಮುಳ್ಳಯ್ಯನಗಿರಿ ತುದಿಯ ಮೇಲೆ ಗಾಳಿ ಕಡಿಮೆ, ಮಂಗಳೂರಿನ ಕಡಲ ದಂಡೆಯ ಮೇಲೆ ಜಾಸ್ತಿ. ಅದಕ್ಕೇ ಅದೇ ಉಪಗ್ರಹ ಆಮ್ಲಜನಕ ನುಂಗಿದ ಬೆಳಕನ್ನೂ ಅಳೆಯುತ್ತದೆ. ಒಣ ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಎರಡನ್ನೂ ಭಾಗಿಸಿದರೆ ನೆಲದಿಂದ ಆಕಾಶದ ತುದಿವರೆಗಿನ ಗಾಳಿ ಕಂಬದಲ್ಲಿ ಹತ್ತು ಲಕ್ಷ ಅಣುಗಳಿಗೆ ಇಂಗಾಲದ ಡೈಆಕ್ಸೈಡ್ ಅಣುಗಳು ಎಷ್ಟು ಎಂದು ಬರುತ್ತದೆ. ಅದನ್ನೇ ಪಿಪಿಎಂ ಎನ್ನುವುದು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರು ಮಾಡಿದಾಗ ಅಲ್ಲಿನ ಗಾಳಿಯಲ್ಲಿ 315ರ ಆಸುಪಾಸು ಇತ್ತು. ಈಗ 420 ದಾಟಿದೆ.

ಇಂಥ ಉಪಗ್ರಹಗಳ ಕಥೆ ಶುರುವಾದದ್ದು 2009ರಲ್ಲಿ. ಜನವರಿಯಲ್ಲಿ ಜಪಾನ್ ಗೋಸ್ಯಾಟ್ ಹಾರಿಸಿತು. ಫೆಬ್ರವರಿಯಲ್ಲಿ ನಾಸಾದ ಒಸಿಒ ಹೊರಟಿತು. ಆದರೆ ರಾಕೆಟ್‌ನ ತುದಿಯ ಮುಚ್ಚಳ ಬಿಚ್ಚಿಕೊಳ್ಳಲಿಲ್ಲ. ವರ್ಷಗಟ್ಟಲೆ ದುಡಿದು ಕಟ್ಟಿದ ಉಪಗ್ರಹ ಸಮುದ್ರಕ್ಕೆ ಬಿತ್ತು. ಅವರು ಅದನ್ನು ಮತ್ತೆ ಕಟ್ಟಿದರು. 2014ರ ಜುಲೈನಲ್ಲಿ ಒಸಿಒ-2 ಮೇಲೆ ಹೋಯಿತು. ಆಮೇಲೆ ಚೀನಾದ ಟ್ಯಾನ್‌ಸ್ಯಾಟ್, ಜಪಾನಿನ ಇನ್ನೂ ಎರಡು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ ಒಸಿಒ-3 ಬಂದವು.

ಒಸಿಒ-2 ಸುಮಾರು 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಒಂದು ಅಳತೆಯ ಚೌಕ ಸುಮಾರು 1.3 ಕಿಮೀ ಅಗಲ, 2.25 ಕಿಮೀ ಉದ್ದ. ಒಂದು ಮಧ್ಯಮ ಗಾತ್ರದ ಕಾಫಿ ಎಸ್ಟೇಟ್ ಅದರೊಳಗೆ ಕೂರುತ್ತದೆ. ಆದರೆ ಅದು ನೋಡುವ ಪಟ್ಟಿಯ ಅಗಲ ಹತ್ತು ಕಿಲೋಮೀಟರ್ ಮಾತ್ರ. 16 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಒಂದು ಪಟ್ಟಿಗೂ ಪಕ್ಕದ ಪಟ್ಟಿಗೂ ನಡುವೆ ಹೆಚ್ಚುಕಡಿಮೆ ಹಾಸನದಿಂದ ಬೆಂಗಳೂರಿನಷ್ಟು ದೂರ ಖಾಲಿ. ಬಿಳಿ ಹಾಳೆಯ ಮೇಲೆ ದೂರ ದೂರ ಎಳೆದ ಸಪೂರ ಗೆರೆಗಳ ಹಾಗೆ.

ಇಲ್ಲಿಯವರೆಗೆ ಸಿಕ್ಕಿದ್ದು ಗಾಳಿಯಲ್ಲಿ ಎಷ್ಟಿದೆ ಎಂಬ ಲೆಕ್ಕ. ನಮಗೆ ಬೇಕಾದದ್ದು ಯಾರು ಎಷ್ಟು ಬಿಟ್ಟರು ಎಂಬುದು. ಇವೆರಡರ ನಡುವೆ ದೊಡ್ಡ ಕಂದಕವಿದೆ. ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇಡೀ ಭೂಮಿಯ ಗಾಳಿಯಲ್ಲಿ ಒಂದು ಪಿಪಿಎಂ ಏರಬೇಕಾದರೆ ಸುಮಾರು 780 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬೇಕು. ಭಾರತ ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟ್ ಎಲ್ಲ ಸೇರಿ ಈಗ ವರ್ಷಕ್ಕೆ ಸುಮಾರು 300 ಕೋಟಿ ಟನ್ ಬಿಡುತ್ತದೆ. ಅಷ್ಟನ್ನೂ ಭೂಮಿಯ ಸುತ್ತ ಹರಡಿದರೆ 0.4 ಪಿಪಿಎಂ. ನಮ್ಮ ವರದಿಯಲ್ಲಿ ನೂರಕ್ಕೆ ಹತ್ತು ತಪ್ಪಿದೆ ಎಂದುಕೊಂಡರೆ ಹುಡುಕಬೇಕಾದದ್ದು 0.04. ಒಸಿಒ-2ರ ಒಂದೊಂದು ಅಳತೆಯಲ್ಲಿ ಇರಬಹುದಾದ ವ್ಯತ್ಯಾಸವೇ ಒಂದು ಪಿಪಿಎಂ ಆಸುಪಾಸು. 2020ರಲ್ಲಿ ಕೊರೋನಾದಿಂದ ಜಗತ್ತೇ ನಿಂತಾಗ ಪಳೆಯುಳಿಕೆ ಇಂಧನದ ಹೊಗೆ ಸುಮಾರು ನೂರಕ್ಕೆ ಐದರಷ್ಟು ಇಳಿಯಿತು. ಆದರೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಹೋಯಿತು.

ಹಾಗಾದರೆ ದಾರಿ ಯಾವುದು? ಬಿಟ್ಟ ಹೊಗೆ ಭೂಮಿಯೆಲ್ಲ ಹರಡುವ ಮೊದಲೇ, ಹುಟ್ಟಿದ ಜಾಗದ ಹತ್ತಿರವೇ ಹಿಡಿಯಬೇಕು. ಅಲ್ಲಿ ಗಾಳಿಯನ್ನು ಬಲ್ಲವರು ಬೇಕು.

ಮಾರ್ಚಿನಲ್ಲಿ ಹೂ ಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂವು ಅರಳುತ್ತದೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ಘಮ್ ಅಂತ ವಾಸನೆ. ನಮ್ಮ ಗಿಡದಲ್ಲಿ ಇನ್ನೂ ಮೊಗ್ಗು. ಹಾಗಾದರೆ ಯಾರ ತೋಟದ್ದು? ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಆ ಕಡೆಯವರದ್ದು. ಅವರು ಸ್ಪ್ರಿಂಕ್ಲರ್ ಹಾಕಿ ಮೊದಲೇ ನೀರು ಕೊಟ್ಟಿರಬಹುದು. ವಾಸನೆ ಜೋರಾಗಿದೆ ಎಂದರೆ ತುಂಬಾ ಎಕರೆ ಅರಳಿದೆ ಎಂದು ಹೇಳಬಹುದೇ? ಗಾಳಿ ನಿಧಾನವಾಗಿದ್ದರೆ ಸ್ವಲ್ಪ ಹೂವಿನ ವಾಸನೆಯೂ ದಟ್ಟವಾಗಿ ನಿಲ್ಲುತ್ತದೆ. ಜೋರಾಗಿದ್ದರೆ ನೂರು ಎಕರೆಯದೂ ತೆಳುವಾಗುತ್ತದೆ. ಹಾಗಾಗಿ ವಾಸನೆಯ ಜೊತೆ ಗಾಳಿಯ ದಿಕ್ಕು, ವೇಗ ಎರಡೂ ಗೊತ್ತಿರಬೇಕು. ಆಗ ಮಾತ್ರ ಹಿಂದಕ್ಕೆ ಲೆಕ್ಕ ಹಾಕಿ ಇಂಥ ಕಡೆ, ಇಷ್ಟು ಹೂವು ಎನ್ನಬಹುದು. ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಾಡುವುದು ಇದೇ ಹಿಂದುಮುಂದಿನ ಲೆಕ್ಕ. ಗಾಳಿ ಬೀಸುವುದನ್ನು ಅನುಕರಿಸುವ ಕಂಪ್ಯೂಟರ್ ಮಾದರಿಯಲ್ಲಿ ಒಂದು ಅಂದಾಜು ಹೊಗೆಯನ್ನು ಬಿಡುತ್ತಾರೆ. ಉಪಗ್ರಹ ಕಂಡದ್ದಕ್ಕೆ ಹೊಂದುತ್ತದೆಯೇ ನೋಡುತ್ತಾರೆ. ಹೊಂದದಿದ್ದರೆ ಅಂದಾಜನ್ನು ತಿದ್ದುತ್ತಾರೆ. ಮತ್ತೆ ನೋಡುತ್ತಾರೆ.

ಒಂದೇ ದೊಡ್ಡ ಮೂಲವಾದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಕೆನಡಾದ ರೇ ನಾಸರ್ ಮತ್ತು ಸಂಗಡಿಗರು ಒಸಿಒ-2ರ ಅಳತೆಯಿಂದ ಬಿಡಿ ಬಿಡಿ ವಿದ್ಯುತ್ ಸ್ಥಾವರಗಳ ಹೊಗೆಯನ್ನು ಲೆಕ್ಕ ಹಾಕಿದರು. ಅದರಲ್ಲಿ ಮಧ್ಯಪ್ರದೇಶದ ಸಾಸನ್ ಸ್ಥಾವರವೂ ಇತ್ತು. ಅದು 3,960 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ. ಆಮೇಲೆ 2022ರಲ್ಲಿ ಅದೇ ತಂಡ ಪೋಲೆಂಡಿನ ಬೆಲ್ಖಾಟುವ್ ಸ್ಥಾವರದ ಮೇಲೆ ಒಸಿಒ-2, ಒಸಿಒ-3 ಎರಡರ ಅಳತೆಗಳನ್ನೂ ಜೋಡಿಸಿತು. ಅಲ್ಲಿ ಘಟಕಗಳು ನಿಂತಾಗ ಹೊಗೆ ಇಳಿದದ್ದೂ ಆಕಾಶದಿಂದ ಕಾಣಿಸಿತು. ನನಗೆ ಇದು ತುಂಬಾ ದೊಡ್ಡ ಹೆಜ್ಜೆ ಅನಿಸುತ್ತದೆ. ಚಿಮಣಿಯ ಮಾಲೀಕನನ್ನು ಕೇಳದೆ ಚಿಮಣಿಯ ಲೆಕ್ಕ ಸಿಕ್ಕಿತು.

ಇದಕ್ಕೆ ಇನ್ನೊಂದು ಅನಿಲದ ಸಹಾಯವೂ ಸಿಗುತ್ತದೆ. ಬೆಂಕಿ ಜೋರಾಗಿ ಉರಿಯುವ ಕಡೆ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಅದು ಗಾಳಿಯಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಹಾಗಾಗಿ ಹಳೆಯದು ಸೇರಿ ಕಲಸುಮೇಲೋಗರ ಆಗುವುದಿಲ್ಲ. ಹೊಗೆಯ ಬಾಲ ಎದ್ದು ಕಾಣುತ್ತದೆ. 2017ರಿಂದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ಅದನ್ನು ದಿನವೂ ಅಳೆಯುತ್ತಿದೆ. ಬಾಲ ಎಲ್ಲಿದೆ ಎಂದು ಸೆಂಟಿನೆಲ್ ತೋರಿಸುತ್ತದೆ. ಅದರಲ್ಲಿ ಇಂಗಾಲ ಎಷ್ಟಿದೆ ಎಂದು ಒಸಿಒ ಹೇಳುತ್ತದೆ.

ಇಡೀ ದೇಶದ ಲೆಕ್ಕಕ್ಕೆ ಬಂದರೆ ಕಥೆ ಬದಲಾಗುತ್ತದೆ. 2023ರಲ್ಲಿ ನಾಸಾ ಮುಂದಾಳತ್ವದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ, 2015ರಿಂದ 2020ರವರೆಗಿನ ಅಳತೆಗಳಿಂದ ನೂರಕ್ಕೂ ಹೆಚ್ಚು ದೇಶಗಳ ಇಂಗಾಲದ ಆಯವ್ಯಯ ಪ್ರಕಟಿಸಿದರು. ಉಪಗ್ರಹ ದೇಶಗಳ ಸುಳ್ಳು ಹಿಡಿಯಿತು ಎಂಬಂತೆ ಇಂಥದ್ದನ್ನು ಹಲವರು ಹಂಚಿಕೊಳ್ಳುತ್ತಾರೆ. ಒಳಗೆ ಓದಿದರೆ ಬೇರೆಯೇ ಇದೆ. ಅದರಲ್ಲಿ ಕಲ್ಲಿದ್ದಲು, ತೈಲದ ಹೊಗೆಯನ್ನು ಪುಸ್ತಕದ ಅಂಕಿಗಳಿಂದಲೇ ತೆಗೆದುಕೊಂಡಿದ್ದಾರೆ. ಗಾಳಿಯ ಅಳತೆಯಿಂದ ಅದನ್ನು ಕಳೆದು, ಉಳಿದದ್ದು ಭೂಮಿಯ ಪಾಲು ಎಂದಿದ್ದಾರೆ. ಅಂದರೆ ತಾಳೆ ನೋಡಿದ್ದು ಕಾಡು, ಮಣ್ಣು, ಬೆಳೆಯ ಲೆಕ್ಕವನ್ನು. ಒಂದು ದೇಶದ ಒಟ್ಟು ಇಂಧನದ ಹೊಗೆಯನ್ನು ಉಪಗ್ರಹವೊಂದೇ ಖಚಿತವಾಗಿ ಹೇಳುವ ಮಟ್ಟಕ್ಕೆ ನಾವಿನ್ನೂ ಬಂದಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ವಿಜ್ಞಾನಕ್ಕೂ ಅನ್ಯಾಯ, ದೇಶಗಳಿಗೂ ಅನ್ಯಾಯ.

ಈಗ ಮರಗಳ ಗೊಂದಲಕ್ಕೆ ಬರೋಣ. ಮನುಷ್ಯರು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. ಮಿಕ್ಕಿದ್ದನ್ನು ಸಮುದ್ರ ಮತ್ತು ಗಿಡಮರ, ಮಣ್ಣು ಹೀರಿಕೊಳ್ಳುತ್ತವೆ. ಗಿಡಮರ ಹಗಲು ಹೀರಿ, ರಾತ್ರಿ ಬಿಟ್ಟು, ಎಲೆ ಕೊಳೆತಾಗ ಇನ್ನಷ್ಟು ಬಿಡುತ್ತವೆ. ಉಪಗ್ರಹದ ಕಣ್ಣಿಗೆ ಕಲ್ಲಿದ್ದಲಿನ ಅಣು, ಕೊಳೆತ ಎಲೆಯ ಅಣು ಎರಡೂ ಒಂದೇ. ಬೇರೆ ಮಾಡುವ ಒಂದು ಉಪಾಯ ಇದೆ. ಗಿಡದ ಇಂಗಾಲದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಬಗೆ ಒಂಚೂರು ಇರುತ್ತದೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಹೋಗಿರುತ್ತದೆ. ಆದರೆ ಅದರ ಪ್ರಮಾಣ ಎಷ್ಟು ಕಡಿಮೆ ಎಂದರೆ ಆಕಾಶದಿಂದ ಕಾಣಿಸುವುದಿಲ್ಲ. ಗಾಳಿಯನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೇ ತರಬೇಕು.

ಪುಸ್ತಕದಲ್ಲಿ ಕಾಡು ಎಂದು ಬರೆದಿರುವುದು ಏನು ಎಂಬ ಪ್ರಶ್ನೆಯೂ ಇದೆ. ಭಾರತೀಯ ಅರಣ್ಯ ಸಮೀಕ್ಷೆಯ ಪ್ರಕಾರ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ಜಾಗದಲ್ಲಿ ನೂರಕ್ಕೆ ಹತ್ತಾದರೂ ಮರದ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ, ಒಡೆಯರು ಯಾರೇ ಇರಲಿ. ಹಾಗಾಗಿ ಸಕಲೇಶಪುರ, ಮೂಡಿಗೆರೆಯ ನೆರಳಿನ ಕಾಫಿ ತೋಟಗಳೂ ಅದರಲ್ಲಿ ಸೇರುತ್ತವೆ. ಹಲಸು, ಅತ್ತಿ, ನಂದಿ ಮರಗಳಿರುವ ಹಳೇ ತೋಟ ಒಂದು. ಎಲ್ಲ ಕಡಿದು ಸಾಲಾಗಿ ಸಿಲ್ವರ್ ಓಕ್ ನೆಟ್ಟ ತೋಟ ಇನ್ನೊಂದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಎರಡೂ ಹಸಿರು. ಒಳಗಿರುವ ಇಂಗಾಲ ಬೇರೆ ಬೇರೆ. ಎಲೆಯ ಹೊದಿಕೆಯನ್ನು ದಾಟಿ ಒಳಗಿನದನ್ನು ತಿಳಿಯಲು ರೇಡಾರ್ ಬೇಕು. 2025ರ ಜುಲೈನಲ್ಲಿ ಇಸ್ರೋ ಮತ್ತು ನಾಸಾ ಸೇರಿ ಹಾರಿಸಿದ ನೈಸಾರ್ ಎಂಬ ರೇಡಾರ್ ಉಪಗ್ರಹದಿಂದ ಈ ವಿಷಯದಲ್ಲಿ ನನಗೆ ತುಂಬಾ ನಿರೀಕ್ಷೆ ಇದೆ.

ಯಾವ ಹೀರುವಿಕೆ ಮನುಷ್ಯರ ಖಾತೆಗೆ ಎಂಬುದರಲ್ಲೂ ಪುಸ್ತಕಕ್ಕೂ ವಿಜ್ಞಾನಕ್ಕೂ ಹೊಂದುವುದಿಲ್ಲ. ಮನುಷ್ಯರು ನೋಡಿಕೊಳ್ಳುವ ಕಾಡು ಹೀರಿದ್ದನ್ನೆಲ್ಲ ದೇಶಗಳು ತಮ್ಮ ಖಾತೆಗೆ ಹಾಕಿಕೊಳ್ಳುತ್ತವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದರಿಂದ ಮರಗಳು ತಾವಾಗಿಯೇ ಜಾಸ್ತಿ ಹೀರಿದ್ದನ್ನು ವಿಜ್ಞಾನಿಗಳ ಜಾಗತಿಕ ಕಂಪ್ಯೂಟರ್ ಮಾದರಿಗಳು ಪ್ರಕೃತಿಯ ಖಾತೆಗೆ ಹಾಕುತ್ತವೆ. ಇದೊಂದರಿಂದಲೇ ಎರಡು ಲೆಕ್ಕಗಳ ನಡುವೆ ವರ್ಷಕ್ಕೆ 400ರಿಂದ 550 ಕೋಟಿ ಟನ್ ಅಂತರ ಬರುತ್ತದೆ. ಭಾರತದ ಇಡೀ ವರ್ಷದ ಹೊಗೆಗಿಂತ ದೊಡ್ಡದು!

ಕಾಫಿ ಬೀಜವನ್ನೇ ತೆಗೆದುಕೊಳ್ಳಿ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚು ಪಾಲು ಹೊರದೇಶಕ್ಕೆ ಹೋಗುತ್ತದೆ. ಅತಿ ದೊಡ್ಡ ಗಿರಾಕಿ ಇಟಲಿ. ಬೀಜದೊಳಗಿನ ಇಂಗಾಲವನ್ನು ಗಿಡ ಹೀರಿದ್ದು ಸಕಲೇಶಪುರದ ಗಾಳಿಯಿಂದ. ಅದು ಮತ್ತೆ ಗಾಳಿಗೆ ಸೇರುವುದು ಇಟಲಿಯಲ್ಲಿ, ಹುರಿದು, ಕುಡಿದು, ಚರಟ ಕೊಳೆತ ಮೇಲೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಇಲ್ಲಿ ಇಂಗಾಲ ಮಾಯವಾದ ಹಾಗೆ, ಅಲ್ಲಿ ಸುಮ್ನೆ ಹುಟ್ಟಿದ ಹಾಗೆ ಕಾಣುತ್ತದೆ. ಕಾಫಿಯದು ಸಣ್ಣ ಮೊತ್ತ. ಆದರೆ ಜಗತ್ತಿನ ಗೋಧಿ, ಸೋಯಾ, ಮರಮುಟ್ಟು ಎಲ್ಲವೂ ಹೀಗೆಯೇ ಗಡಿ ದಾಟುತ್ತವೆ. ಹೇಮಾವತಿಯಂಥ ನದಿಗಳೂ ಮಣ್ಣಿನ ಇಂಗಾಲವನ್ನು ಹೊತ್ತು ಕೆಳಗೆ ಒಯ್ಯುತ್ತವೆ. ತಾಳೆ ನೋಡುವ ಮೊದಲು ಇವನ್ನೆಲ್ಲ ಕೂಡಿ ಕಳೆಯಬೇಕು.

ಇನ್ನು ಮೋಡ. ಒಸಿಒ-2 ದಿನಕ್ಕೆ ಸುಮಾರು ಹತ್ತು ಲಕ್ಷ ಅಳತೆ ತೆಗೆಯುತ್ತದೆ. ಮೋಡ, ದೂಳು ಕಳೆದು ಕೆಲಸಕ್ಕೆ ಬರುವುದು ಹತ್ತರಲ್ಲಿ ಒಂದರಷ್ಟು. ಮಲೆನಾಡಿನ ಜೂನ್, ಜುಲೈ, ಆಗಸ್ಟ್ ನಿಮಗೆ ಗೊತ್ತು. ಸೂರ್ಯ ನಮಗೇ ಕಾಣುವುದಿಲ್ಲ, ಉಪಗ್ರಹಕ್ಕೆ ನೆಲ ಎಲ್ಲಿ ಕಾಣಬೇಕು? ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳೇ ದೇಶದ ಬೆಳೆ, ಕಾಡು ಚಿಗುರಿ ಇಂಗಾಲ ಹೀರುವ ಕಾಲ. ಆಗಲೇ ಅಳತೆ ಕಡಿಮೆ. ಚಳಿಗಾಲದಲ್ಲಿ ಆಕಾಶ ತಿಳಿಯಾದರೆ ಉತ್ತರ ಭಾರತದಲ್ಲಿ ದೂಳು ಹೊಗೆ ಮುಸುಕುತ್ತದೆ. ಆ ಕಣಗಳು ಬೆಳಕನ್ನು ಚದುರಿಸಿ ಅಳತೆಯನ್ನು ಕೆಡಿಸುತ್ತವೆ.

ಇದಕ್ಕೆ ನೆಲದ ಕೇಂದ್ರಗಳು ಬೇಕೇ ಬೇಕು. ನೆಲದಿಂದ ಸೂರ್ಯನನ್ನು ನೋಡಿ ಅದೇ ಗಾಳಿ ಕಂಬವನ್ನು ಅಳೆಯುವ ಟಿಕಾನ್ ಎಂಬ ಜಾಲ 2004ರಿಂದ ಇದೆ. ಉಪಗ್ರಹಗಳ ಅಳತೆ ಸರಿಯಿದೆಯೇ ಎಂದು ಅದರ ಜೊತೆ ಹೋಲಿಸಿ ನೋಡುತ್ತಾರೆ. ಆದರೆ ಉಷ್ಣವಲಯದಲ್ಲಿ ಅಂಥ ಕೇಂದ್ರಗಳು ತೀರಾ ಕಡಿಮೆ. ಲಡಾಖಿನ ಹಾನ್ಲೆಯಂಥ ಎತ್ತರದ ಜಾಗದಲ್ಲಿ ನಮ್ಮವರು ಗಾಳಿಯ ಇಂಗಾಲ ಅಳೆದಿದ್ದಾರೆ. ಪಶ್ಚಿಮ ಘಟ್ಟದ ನೆತ್ತಿಯಲ್ಲೂ ವರ್ಷಪೂರ್ತಿ ಅಳೆಯುವ ಕೇಂದ್ರ ಇರಬೇಕು ಎಂಬುದು ನನ್ನ ಗಟ್ಟಿ ಅನಿಸಿಕೆ. ಮುಂಗಾರು ಗಾಳಿ ದೇಶದೊಳಕ್ಕೆ ನುಗ್ಗುವುದೇ ಈ ಬೆಟ್ಟ ಹತ್ತಿ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಒಂದು ಉಪಕರಣ ಇದ್ದರೆ ಒಳಕ್ಕೆ ಬರುವ ಗಾಳಿಯಲ್ಲಿ ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ದೇಶ ಎಷ್ಟು ಸೇರಿಸಿತು ಎನ್ನಲು ಆಗದು.

ಇಷ್ಟೆಲ್ಲ ತೊಡಕಿದ್ದರೂ ಇದನ್ನು ನಿಜವಾಗಿ ಬಳಸುತ್ತಿರುವ ದೇಶಗಳಿವೆ. ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ತಮ್ಮ ಅಧಿಕೃತ ವರದಿಯಲ್ಲೇ ಗಾಳಿಯ ಅಳತೆಯನ್ನೂ ಪಕ್ಕದಲ್ಲಿ ಇಡುತ್ತವೆ. ಹೆಚ್ಚಾಗಿ ಮೀಥೇನ್ ಮತ್ತು ಎಸಿ, ಫ್ರಿಜ್‌ನ ಅನಿಲಗಳಿಗೆ. ಕಾರಿನ ಎಸಿಯಲ್ಲಿ ಬಳಸುವ ಒಂದು ಅನಿಲವನ್ನು ಬ್ರಿಟನ್ ತನ್ನ ಪುಸ್ತಕದಲ್ಲಿ ಜಾಸ್ತಿಯಾಗಿ ಬರೆದುಕೊಳ್ಳುತ್ತಿತ್ತು. ಗಾಳಿಯ ಅಳತೆ ಕಡಿಮೆ ತೋರಿಸಿತು. ಅವರು ಗುಣಿಸುವ ಅಂದಾಜನ್ನು ಮತ್ತೆ ನೋಡಿ ತಿದ್ದಿದರು. ಯಾರೋ ಹೊರಗಿನವರು ಬಂದು ಹಿಡಿಯಲಿಲ್ಲ. ಅವರೇ ಎರಡು ಪುಸ್ತಕ ಇಟ್ಟುಕೊಂಡಿದ್ದರು. ಐಪಿಸಿಸಿಯ 2019ರ ಪರಿಷ್ಕರಣೆಯೂ ಹೀಗೆ ಗಾಳಿಯ ಅಳತೆಯಿಂದ ತಾಳೆ ನೋಡುವ ವಿಧಾನವನ್ನು ವಿವರಿಸಿದೆ.

ಭಾರತವೂ ಇದನ್ನು ಹೆದರಿಕೆಯಿಂದ ನೋಡಬಾರದು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರೆಲ್ಲ ಇಸ್ರೋದ ದೊಡ್ಡ ದೊಡ್ಡ ಆಂಟೆನಾಗಳನ್ನು ಕಂಡವರೇ. 1982ರಿಂದ ಅಲ್ಲಿನ ಮುಖ್ಯ ನಿಯಂತ್ರಣ ಕೇಂದ್ರ 36,000 ಕಿಲೋಮೀಟರ್ ಎತ್ತರದ ನಮ್ಮ ಉಪಗ್ರಹಗಳನ್ನು ಹಗಲೂರಾತ್ರಿ ನೋಡಿಕೊಳ್ಳುತ್ತಿದೆ. ನಾವು ಟಿವಿಯಲ್ಲಿ ನೋಡುವ ಮೋಡದ ಚಿತ್ರ ಕಳಿಸುವ ಇನ್ಸಾಟ್ ಉಪಗ್ರಹಗಳೂ ಅದರಲ್ಲಿ ಸೇರಿವೆ. ನಾನು ಮೇಲೆ ಹೇಳಿದ ಇಂಗಾಲದ ಉಪಗ್ರಹಗಳಲ್ಲಿ ಮಾತ್ರ ಒಂದೂ ನಮ್ಮದಲ್ಲ. ನಮ್ಮ ಲೆಕ್ಕವನ್ನು ತಾಳೆ ನೋಡುವ ಎರಡನೇ ಪುಸ್ತಕ ಬೇರೆಯವರ ಕೈಯಲ್ಲಿದೆ. ಅದು ಯಾವಾಗಲೂ ತೆರೆದಿರುತ್ತದೆ ಎಂದೂ ಇಲ್ಲ. 2025ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವದಲ್ಲಿ ಒಸಿಒ-2, ಒಸಿಒ-3 ಎರಡನ್ನೂ ನಿಲ್ಲಿಸುವ ಮಾತು ಬಂತು. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಓದಿದಾಗ ನಿಜವಾಗಿಯೂ ಬೇಸರವಾಯಿತು.

ಯುರೋಪ್ ಈ ಕೆಲಸಕ್ಕೆಂದೇ ಸಿಒ2ಎಂ ಎಂಬ ಉಪಗ್ರಹಗಳನ್ನು ಕಟ್ಟುತ್ತಿದೆ. ಅವು 250 ಕಿಲೋಮೀಟರ್ ಅಗಲದ ಪಟ್ಟಿಯನ್ನು ಎರಡು ಕಿಲೋಮೀಟರ್ ಚೌಕಗಳಲ್ಲಿ ನೋಡುತ್ತವೆ. ಇಂಗಾಲದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಎರಡನ್ನೂ ಒಟ್ಟಿಗೆ ಅಳೆಯುತ್ತವೆ. ಹಾಸನ, ಚಿಕ್ಕಮಗಳೂರು, ಮಂಗಳೂರು ಮೂರೂ ಒಂದೇ ಪಟ್ಟಿಯೊಳಗೆ ಬರಬಹುದು. ಅಲ್ಲಿಯವರೆಗೆ ಒಸಿಒ-2ರ ಸಪೂರ ಗೆರೆಗಳೇ ಇವೆ. ಅದರ ಅಂಕಿಗಳನ್ನು ನಾಸಾ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಹಾಸನದ ಕಾಲೇಜು ಮಕ್ಕಳೂ ಇಳಿಸಿಕೊಂಡು ನೋಡಬಹುದು. ಫೆಬ್ರವರಿಯ ಅಳತೆಗಳಿಂದ ಶುರು ಮಾಡಿದರೆ ಒಳ್ಳೆಯದು, ಆಗ ನಮ್ಮ ಆಕಾಶ ತಿಳಿಯಾಗಿರುತ್ತದೆ. ಅದು ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಊಟ ಮುಗಿಸಿ ಬಂದವರು ಕಣದಲ್ಲಿ ಕಾಫಿ ಮಗುಚುವ ಹೊತ್ತು. ಕಾಫಿ ಒಣಗಿಸುವ ಅದೇ ಬಿಸಿಲು ನೆಲದಿಂದ ಚಿಮ್ಮಿ, ಇಲ್ಲಿನ ಗಾಳಿಯನ್ನು ಇನ್ನೊಮ್ಮೆ ದಾಟಿ, 705 ಕಿಲೋಮೀಟರ್ ಮೇಲಕ್ಕೆ ಹೋಗುತ್ತಿರುತ್ತದೆ.